‘ಇಲ್ಲಿ ಆ ಕ್ರಮ ಇಲ್ಲ’ ಎನ್ನುವ ಕಚೇರಿಗಳು

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಒಂದು ಸರಕಾರಿ ಕಚೇರಿಯಲ್ಲಿ ಸಾಲು ನಿಂತಿದ್ದೆ. ನನ್ನ ಮುಂದೆ ಎಪ್ಪತ್ತು ದಾಟಿದ ಅಜ್ಜರೊಬ್ಬರು. ಜಾಗದ ತೆರಿಗೆಯ ವಿಷಯದಲ್ಲಿ ಅಚ್ಚುಕಟ್ಟಾಗಿ ಕನ್ನಡದಲ್ಲಿ ಬರೆದ ಅರ್ಜಿ ಅವರ ಕೈಯಲ್ಲಿತ್ತು. ಕೌಂಟರಿನಲ್ಲಿದ್ದ ಹುಡುಗ ಕಾಗದವನ್ನು ಒಮ್ಮೆ ನೋಡಿ, ‘ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ, ಇಲ್ಲಿ ಕನ್ನಡದ್ದು ತೆಗೆದುಕೊಳ್ಳುವ ಕ್ರಮ ಇಲ್ಲ’ ಅಂದ. ಗದರಿಸಿ ಹೇಳಿದ್ದಲ್ಲ, ಮೆಲ್ಲಗೇ ಹೇಳಿದ. ಅಜ್ಜರು ಮರುಮಾತಾಡದೆ ಹೊರಗೆ ಹೋದರು. ಬರೆದುಕೊಡುವವರಿಗೆ ಕಾಸು, ಮತ್ತೊಮ್ಮೆ ಬರಲು ಬಸ್ಸಿನ ಕಾಸು, ಹಾಳಾದ ಒಂದು ದಿನ, ಎಲ್ಲವೂ ಅವರ ಲೆಕ್ಕಕ್ಕೆ.

ನನ್ನ ಸರದಿ ಬಂದಾಗ ಕೇಳಿದೆ, ‘ಕನ್ನಡದ ಅರ್ಜಿ ತೆಗೆದುಕೊಳ್ಳಬಾರದು ಅಂತ ಆದೇಶ ಉಂಟಾ?’ ಹುಡುಗ ತಬ್ಬಿಬ್ಬಾದ. ‘ಆದೇಶ ನೋಡಿಲ್ಲ. ನಾನು ಬಂದು ಎರಡು ತಿಂಗಳಾಯಿತಷ್ಟೆ. ಇಲ್ಲಿ ಹೀಗೇ ಅಂತ ಹಳಬರು ಹೇಳಿದ್ದು.’

ಸ್ವಲ್ಪ ದಿನ ಕಳೆದು ಇನ್ನೊಂದು ಕಚೇರಿಗೆ ಹೋದೆ. ಅಲ್ಲಿಯ ಗುಮಾಸ್ತೆಗೂ ಕನ್ನಡ ಓದಲು ಬಾರದು. ಆದರೆ ಆಕೆ ಕನ್ನಡದ ಅರ್ಜಿಯನ್ನು ತೆಗೆದುಕೊಂಡು, ರಶೀದಿ ಕೊಟ್ಟು, ಒಳಗಿನ ಮೇಜಿನವರಿಂದ ಓದಿಸಿಕೊಂಡರು. ಇದೇನು ವಿಶೇಷ ಎಂದರೆ ನಕ್ಕು, ‘ಇಲ್ಲಿ ಮೊದಲಿಂದಲೂ ಹೀಗೇ’ ಅಂದರು.

ಎರಡೂ ಕಡೆ ಒಂದೇ ಸರಕಾರ, ಒಂದೇ ಕಾನೂನು, ಒಂದೇ ಸಂಬಳ. ಬೇರೆಯಾಗಿದ್ದದ್ದು ಕಚೇರಿಯ ‘ಕ್ರಮ’ ಮಾತ್ರ. ಆಡಳಿತ ಶಾಸ್ತ್ರದವರು ಇದನ್ನೇ ಸಂಸ್ಥೆಯ ಸಂಸ್ಕೃತಿ ಎನ್ನುತ್ತಾರೆ. ಅಮೆರಿಕದ ವಿದ್ವಾಂಸ ಎಡ್ಗರ್ ಶೈನ್ 1985ರಲ್ಲಿ ಈ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದರು. ಅದರ ಸಾರ ಇಷ್ಟು: ಒಂದು ಗುಂಪು ಕೆಲಸ ಮಾಡುತ್ತ ಮಾಡುತ್ತ ತನಗೆ ಅನುಕೂಲವೆಂದು ಕಂಡದ್ದನ್ನು ರೂಢಿ ಮಾಡಿಕೊಳ್ಳುತ್ತದೆ, ಆಮೇಲೆ ಹೊಸಬರಿಗೆ ಅದನ್ನೇ ಸರಿಯಾದ ದಾರಿ ಎಂದು ಕಲಿಸುತ್ತದೆ. ಕೌಂಟರಿನ ಆ ಹುಡುಗನಿಗೆ ಆದದ್ದೂ ಅದೇ.

ನಮ್ಮಲ್ಲಿ ಕಾನೂನಿಗೆ ಬರಗಾಲವಿಲ್ಲ. ಕುಂದುಕೊರತೆಯ ಮನವಿಯನ್ನು ದೇಶದ ಅಥವಾ ರಾಜ್ಯದ ಯಾವುದೇ ಬಳಕೆಯ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೇ ವಿಧಿಯೇ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು, ತಮಿಳರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ನಡೆಸಲು ಕೇರಳ 1969ರಲ್ಲೇ ಕಾಯಿದೆ ಮಾಡಿ ಅವಕಾಶ ಕೊಟ್ಟಿತ್ತು. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಲೋಕಸೇವಾ ಆಯೋಗ ಅರ್ಜಿ ಕರೆಯುವುದೂ ಉಂಟು. ಆದರೆ ಹಾಗೆ ಬಂದವರನ್ನು ಜನ ಕಾಲಿಡದ ಮೂಲೆಯ ವಿಭಾಗದಲ್ಲಿ ಕೂರಿಸಿದರೆ ಏನು ಪ್ರಯೋಜನ? ಆದೇಶ ಕಡತದಲ್ಲಿ ಮಲಗಿರುತ್ತದೆ, ಕೌಂಟರಿನಲ್ಲಿ ಆಳುವುದು ಕ್ರಮ.

ಹಾಗಾದರೆ ಕ್ರಮವನ್ನು ಬದಲಿಸಲು ಸಾಧ್ಯವಿಲ್ಲವೇ? ಉಂಟು. ಯಾರ ಆದೇಶವೂ ಇಲ್ಲದೆ ಒಳ್ಳೆಯ ಕ್ರಮ ಹುಟ್ಟಿದ ಉದಾಹರಣೆ ನಮ್ಮ ಸೀಮೆಯಲ್ಲೇ ಇದೆ. ಕಣ್ಣೂರು ಕಡೆಯ ಬೀಡಿ ಕೊಟ್ಟಿಗೆಗಳಲ್ಲಿ ಹಿಂದೆ ಒಬ್ಬ ಕಾರ್ಮಿಕ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಎಲೆ ಸುತ್ತುತ್ತ ಕೇಳುವುದು ದಿನನಿತ್ಯದ ರೂಢಿ. ಓದಿದವನಿಗೆ ಕೂಲಿ ನಷ್ಟವಾಗಬಾರದಲ್ಲ? ಅವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. 1969ರಲ್ಲಿ, ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯಲ್ಲಿದ್ದಾಗ, ಕೆಲಸ ಕಳೆದುಕೊಂಡ ಬೀಡಿ ಕಾರ್ಮಿಕರು ಸೇರಿ ದಿನೇಶ್ ಬೀಡಿ ಸಹಕಾರಿ ಸಂಘ ಕಟ್ಟಿದರು. ಈ ರೂಢಿ ಅಲ್ಲಿಯೂ ಮುಂದುವರಿಯಿತು. ಶಾಲೆ ಅರ್ಧಕ್ಕೆ ಬಿಟ್ಟವರು ದೇಶದ ರಾಜಕೀಯ ಚರ್ಚಿಸುವಂತಾದರು. ಯಾವ ಸುತ್ತೋಲೆಯೂ ಇದನ್ನು ಮಾಡಿಸಿದ್ದಲ್ಲ. ಜೊತೆಯವನ ಕೆಲಸದ ಸ್ವಲ್ಪ ಭಾರ ತಾವು ಹೊರುವ ಮನಸ್ಸು ಮಾಡಿಸಿದ್ದು.

ಕಚೇರಿಗಳಲ್ಲಿ ಬೇಕಾದದ್ದೂ ಅದೇ ಮನಸ್ಸು. ಕನ್ನಡ ಬಲ್ಲ ನೌಕರ ಎದ್ದು ಬಂದು ಅರ್ಜಿ ಓದಿಕೊಟ್ಟರೆ ಅವನ ಮೇಜಿನ ಕಡತ ಬಾಕಿಯಾಗುತ್ತದೆ. ಬಾಕಿಗೆ ಮೇಲಧಿಕಾರಿಯಿಂದ ಬೈಗಳು, ಉಪಕಾರಕ್ಕೆ ಒಂದು ಮಾತೂ ಇಲ್ಲ ಎಂದಾದರೆ ನಾಳೆ ಅವನೂ ತಲೆ ಎತ್ತುವುದಿಲ್ಲ. ಆದ್ದರಿಂದ ಮೊದಲ ಹೆಜ್ಜೆ ಇಡಬೇಕಾದವರು ಕಚೇರಿಯ ಮುಖ್ಯಸ್ಥರು. ಕನ್ನಡ ಬಲ್ಲವರನ್ನು ಜನ ಬರುವ ಕಡೆ ಕೂರಿಸಲಿ. ಅರ್ಜಿ ಯಾವ ಭಾಷೆಯದ್ದಾದರೂ ಮೊದಲು ತೆಗೆದುಕೊಂಡು ರಶೀದಿ ಕೊಡುವುದು, ಓದುವ ಕಷ್ಟ ಕಚೇರಿಯದ್ದು, ಬಂದವರದ್ದಲ್ಲ ಎಂದು ಹೊಸದಾಗಿ ವರ್ಗವಾಗಿ ಬಂದವರಿಗೆ ಮೊದಲ ದಿನವೇ ಹೇಳಲಿ. ಇದಕ್ಕೆ ತಿರುವನಂತಪುರದಿಂದ ದುಡ್ಡು ಬರಬೇಕಾಗಿಲ್ಲ.

ಈಗ ಬಹಳಷ್ಟು ಅರ್ಜಿಗಳು ಅಕ್ಷಯ ಕೇಂದ್ರದ ಕಂಪ್ಯೂಟರಿನ ಮೂಲಕ ಹೋಗುತ್ತವೆ, ಇನ್ನು ಕೌಂಟರಿನ ಮಾತೇಕೆ ಎನ್ನುವವರಿದ್ದಾರೆ. ಕಂಪ್ಯೂಟರಿನ ಮುಂದೆ ಕೂತವರೂ ಮನುಷ್ಯರೇ ಅಲ್ಲವೇ? ಪರದೆಯ ಮೇಲೆ ಬಂದದ್ದನ್ನು ಅಜ್ಜರಿಗೆ ಅರ್ಥವಾಗುವಂತೆ ಓದಿ ಹೇಳಿ ಆಮೇಲೆ ಕಳುಹಿಸುವುದು, ಏನೂ ಹೇಳದೆ ಕಳುಹಿಸುವುದು, ಎರಡೂ ರೂಢಿಯೇ.

ಕಡೆಗೆ ನಮ್ಮ ಮಾತು. ಕ್ರಮ ಹುಟ್ಟುವುದು ಕೌಂಟರಿನ ಆ ಬದಿಯಲ್ಲಿ ಮಾತ್ರವಲ್ಲ. ಜಗಳ ಯಾಕೆ ಮಾರಾಯ್ರೆ, ಬೇಗ ಕೆಲಸ ಆಗಲಿ ಎಂದು ನಾವೇ ಮಲಯಾಳದಲ್ಲಿ ಬರೆಸಿಕೊಂಡು ಹೋಗುತ್ತೇವೆ. ವರ್ಷಗಟ್ಟಲೆ ಒಂದೂ ಕನ್ನಡದ ಅರ್ಜಿ ಕಾಣದ ಕಚೇರಿ, ಇಲ್ಲಿ ಕನ್ನಡ ಬೇಡ ಎಂದು ತಿಳಿದರೆ ತಪ್ಪು ಯಾರದ್ದು? ಮಲಯಾಳ ಕಲಿಯೋಣ, ನೆರೆಯವರ ಭಾಷೆ ಅದು, ದ್ವೇಷ ಬೇಡ. ಆದರೆ ಕನ್ನಡದ ಅರ್ಜಿಯನ್ನು ನಗುಮುಖದಿಂದ ಕೊಡೋಣ, ರಶೀದಿ ಕೇಳೋಣ, ತೆಗೆದುಕೊಂಡವರಿಗೆ ಒಂದು ಉಪಕಾರದ ಮಾತು ಹೇಳೋಣ. ಅಂದು ನಾನು ಕೌಂಟರಿನಲ್ಲಿ ಪ್ರಶ್ನೆಯನ್ನೇನೋ ಕೇಳಿದೆ, ಆದರೆ ಅಜ್ಜರನ್ನು ವಾಪಸು ಕರೆಯಲಿಲ್ಲ. ಕರೆಯಬೇಕಿತ್ತು. ಕ್ರಮ ಬದಲಾಗುವುದಿದ್ದರೆ ಅಲ್ಲಿಂದಲೇ.