ಹಿರಿಯರ ಕೈಯಲ್ಲಿ ಒಂದಿಷ್ಟು ಹೊಣೆಯಿರಲಿ

ಮುಳ್ಳೂರು ಕಾವೇರಿಯ ದಂಡೆಯ ಊರು. ಕಬಿನಿ, ಕೃಷ್ಣರಾಜಸಾಗರಗಳಿಂದ ಹೆಚ್ಚಿನ ನೀರು ಹರಿದುಬಂದ ವರ್ಷಗಳಲ್ಲಿ ಹೊಳೆ ಹೊಲಗಳನ್ನು ದಾಟಿ ಊರಿನತ್ತ ಏರುತ್ತದೆ. ಅಂಥ ದಿನಗಳಲ್ಲಿ ನಾವು ಹಿರಿಯರನ್ನು ಹುಡುಕಿಕೊಂಡು ಹೋಗಿ, ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಕೇಳುತ್ತೇವೆ. ನೀರಿಳಿದ ಮೇಲೆ ಅವರನ್ನು ಏನನ್ನೂ ಕೇಳುವುದಿಲ್ಲ. "ನೀವು ಸುಮ್ಮನೆ ಕುಳಿತಿರಿ, ಎಲ್ಲ ನಾವು ನೋಡಿಕೊಳ್ಳುತ್ತೇವೆ" ಎನ್ನುತ್ತೇವೆ. ಇದನ್ನೇ ಸೇವೆಯೆಂದು ಭಾವಿಸಿದ್ದೇವೆ.

ಇದು ನಿಜಕ್ಕೂ ಸೇವೆಯೇ? 1921ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ ಸುಮಾರು 1500 ಮಕ್ಕಳ ಅಧ್ಯಯನವನ್ನು ಆರಂಭಿಸಿದರು. ದಶಕಗಳ ನಂತರ ಹೊವಾರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಅವರ ಆಯುಸ್ಸನ್ನು ಪರಿಶೀಲಿಸಿದಾಗ, ಬಾಲ್ಯದಲ್ಲೇ ಹೊಣೆಯರಿತು, ಶಿಸ್ತಿನಿಂದ, ಮುನ್ನೆಚ್ಚರಿಕೆಯಿಂದ ನಡೆಯುತ್ತಿದ್ದವರು ಸರಾಸರಿಯಲ್ಲಿ ಹೆಚ್ಚು ಕಾಲ ಬದುಕಿದ್ದು ಕಂಡುಬಂತು. ಸದಾ ನಗುನಗುತ್ತ, ಏನನ್ನೂ ಹಚ್ಚಿಕೊಳ್ಳದೆ ಇದ್ದವರಿಗೆ ಆ ಲಾಭ ಕಾಣಲಿಲ್ಲ. ಅವರು ತುಸು ಬೇಗನೆ ತೀರಿಕೊಂಡಿದ್ದರು. ಅಮೆರಿಕದ ವೃದ್ಧ ಕ್ಯಾಥೊಲಿಕ್ ಧರ್ಮಗುರುಗಳು ಹಾಗೂ ಸನ್ಯಾಸಿನಿಯರ ಅಧ್ಯಯನವೊಂದರಲ್ಲಿಯೂ ಹೊಣೆಗಾರಿಕೆಯ ಸ್ವಭಾವದವರಿಗೆ ಸಾವಿನ ಅಪಾಯ ಕಡಿಮೆಯಿತ್ತು, ಸದಾ ಆತಂಕದಲ್ಲಿ ಕುದಿಯುವವರಿಗೆ ಹೆಚ್ಚಿತ್ತು. "ಖುಷಿಯಾಗಿರಿ, ಚಿಂತೆ ಬಿಡಿ" ಎಂಬ ನಮ್ಮ ಸುಲಭದ ಉಪದೇಶ ಅರ್ಧ ಸತ್ಯವಷ್ಟೆ.

ಆದರೆ ಸರಾಸರಿಯ ಲೆಕ್ಕದಿಂದ ವ್ಯಕ್ತಿಯನ್ನು ಅಳೆಯಲಾಗದು. ಪ್ರತಿಯೊಬ್ಬರ ಅಜಲ್ ಅಲ್ಲಾಹನ ಬಳಿ ನಿಶ್ಚಿತವಾಗಿದೆ. ನಮ್ಮ ಪ್ರವಾದಿ(ಸ) ಅರವತ್ತಮೂರಕ್ಕೆ ಇಹಲೋಕ ತ್ಯಜಿಸಿದರು. ನ್ಯಾಯಕ್ಕೆ ಹೆಸರಾದ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ನಲವತ್ತರ ಆಸುಪಾಸಿನಲ್ಲಿಯೇ. ಬೇಗ ಹೋದವರ ಗುಣದಲ್ಲಿ ಕೊರತೆ ಹುಡುಕುವುದು ದುಃಖಿತರ ಮೇಲೆ ಇನ್ನೊಂದು ಕಲ್ಲು ಹೇರಿದಂತೆ. ಅದೇ ವೇಳೆ, ಆಯುಸ್ಸು ವೃದ್ಧಿಯಾಗಬೇಕೆಂದು ಬಯಸುವವರು ಬಂಧುತ್ವವನ್ನು ಜೋಡಿಸಲಿ ಎಂಬರ್ಥದ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಇದೆ. ವಿಧಿಯಲ್ಲಿ ವಿಶ್ವಾಸವಿಡುವವನೂ ಕಾರಣಗಳನ್ನು ಬಿಡುವುದಿಲ್ಲ. ಒಂಟೆಯನ್ನು ಕಟ್ಟಿಯೇ ಭರವಸೆಯಿಡುತ್ತಾನೆ.

ಕೃಷ್ಣರಾಜಸಾಗರವನ್ನು ರೂಪಿಸಿದ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡಾಗ ನೂರನ್ನು ದಾಟಿದ್ದರು. ದಿವಾನಗಿರಿ ಬಿಟ್ಟದ್ದು 1918ರಲ್ಲಿ. ತೊಂಬತ್ತರ ಮೇಲೂ ಬಿಹಾರದ ಮೊಕಾಮಾದಲ್ಲಿ ಗಂಗೆಗೆ ಸೇತುವೆ ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಗೆ ಅವರ ಸಲಹೆ ಬೇಕಾಗಿತ್ತು. ಆ ಶಿಸ್ತೇ ಅವರನ್ನು ಅಷ್ಟು ವರ್ಷ ಬದುಕಿಸಿತೆಂದು ನಾವು ಹೇಳಲಾರೆವು. ಅವರನ್ನು ಯಾರೂ ಮೂಲೆಯಲ್ಲಿ ಕೂರಿಸಲಿಲ್ಲ ಎಂಬುದಂತೂ ದಿಟ.

ನಮ್ಮ ಮನೆಗಳಲ್ಲಿ ಸೇತುವೆಯ ಕೆಲಸವಿರುವುದಿಲ್ಲ, ನಿಜ. ಆದರೆ ಕೊಳ್ಳೇಗಾಲ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರಿಗೆ ಗೊತ್ತು: ನಾಲ್ಕು ಜ್ವರಗಳಲ್ಲಿ ಹುಳು ಯಾವಾಗ ಕೂತಿತು, ಯಾವಾಗ ಎದ್ದಿತು, ಸೊಪ್ಪು ಯಾವಾಗ ನಿಲ್ಲಿಸಬೇಕು ಎಂಬುದು ಹಳೆಯ ಕಣ್ಣಿಗೆ ಬೇಗ ತಿಳಿಯುತ್ತದೆ. ಅದನ್ನು ನೋಡುವ ಕೆಲಸ ಅಜ್ಜನದಾಗಲಿ. ಫಜ್ರ್‌ಗೆ ಮೊಮ್ಮಕ್ಕಳನ್ನು ಎಬ್ಬಿಸುವುದು, ಝಕಾತಿನ ಲೆಕ್ಕವನ್ನು ಒಮ್ಮೆ ಓದಿ ನೋಡುವುದು, ಮುನಿಸಿಕೊಂಡ ಬಂಧುವಿನ ಮನೆಗೆ ಮೊದಲು ಹೋಗುವುದು ಅಜ್ಜಿಯದಾಗಲಿ. ಶಕ್ತಿ ಮೀರಿ ಹೊರಿಸುವುದು ಬೇಡ; ರೋಗಿಗೆ ವಿಶ್ರಾಂತಿಯೇ ಹಕ್ಕು. ಉಳಿದವರಿಗೆ ಮಾತ್ರ ಕೆಲಸ ಕೊಡುವಾಗ, ಅದು ಸುಳ್ಳು ಕೆಲಸವಾಗದಂತೆ ನೋಡಿಕೊಳ್ಳಬೇಕು. ಅವರು ಮಾಡಿದ್ದನ್ನು ಹಿಂದಿನಿಂದ ನಾವೇ ಮತ್ತೆ ಮಾಡಿದರೆ ಅದು ಅವರಿಗೆ ತಿಳಿಯದೆ ಇರುವುದಿಲ್ಲ.