ಮೋಜಿನ ಗಾಲಿಗೆ ಗುಡ್ಡ ಬಲಿಯಾಗಬೇಕೆ?

ಮಳೆಗಾಲದ ಶನಿವಾರ, ಭಾನುವಾರ ಬಂತೆಂದರೆ ನಮ್ಮ ಗುಡ್ಡದ ಹುಲ್ಲುಗಾವಲು ನಗರದವರ ಆಟದ ಬಯಲಾಗುತ್ತದೆ. ಫೋರ್‌ ವೀಲ್ ಡ್ರೈವ್ ಜೀಪುಗಳು ಕೆಸರು ಚಿಮ್ಮಿಸುತ್ತ ನೆತ್ತಿ ಏರುತ್ತವೆ. ಪ್ರಶ್ನಿಸಿದರೆ, ‘ಈ ಗಾಡಿ ಹುಟ್ಟಿದ್ದೇ ರಸ್ತೆಯಿಲ್ಲದ ಕಡೆ ಓಡಲು’ ಎಂಬ ಉತ್ತರ ಸಿದ್ಧವಿರುತ್ತದೆ. ಚರಿತ್ರೆಯನ್ನು ಸಾಕ್ಷಿಗೆ ಕರೆಯುವವರು ಅದರ ಮಾತನ್ನು ಪೂರ್ತಿ ಕೇಳಬೇಕು.

ಜೀಪು ಹುಟ್ಟಿದ್ದು ಅಗತ್ಯದಿಂದ. ಎರಡನೆಯ ಮಹಾಯುದ್ಧಕ್ಕಾಗಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು 1941ರಿಂದ 1945ರವರೆಗೆ 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಯುದ್ಧ ಮುಗಿದ ಮೇಲೆ ವಿಲ್ಲಿಸ್ ಅದನ್ನು ರೈತನ ದುಡಿಮೆಯ ಗಾಡಿಯೆಂದು ಮಾರಿತು. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಆರಂಭವಾದ ಮಹೀಂದ್ರ ಸಂಸ್ಥೆ 1947ರಿಂದ ಮುಂಬಯಿಯಲ್ಲಿ ಅದೇ ಜೀಪನ್ನು ಜೋಡಿಸತೊಡಗಿತು. ಸೈನ್ಯಕ್ಕೂ ಸರ್ಕಾರಿ ಇಲಾಖೆಗಳಿಗೂ ಹಳ್ಳಿಯ ದಾರಿಗಳಿಗೂ ಅದು ದಶಕಗಳ ಕಾಲ ದುಡಿಯಿತು. ಆ ವಂಶದ ಕುಡಿಯೇ 2010ರ ಥಾರ್. 2020ರಲ್ಲಿ ಬಂದ ಹೊಸ ಥಾರ್ ಮೋಜಿನ ವಾಹನವೆಂದೇ ಹೆಸರಾಯಿತು.

ನಿಜವಾದ ಅಗತ್ಯ ಏನೆಂದು ತಿಳಿಯಲು ರಾಯಚೂರು ನಗರದಿಂದ ಮಾನ್ವಿ, ದೇವದುರ್ಗಗಳ ಕಡೆ ಹೋಗಬೇಕು. ಕೃಷ್ಣೆ, ತುಂಗಭದ್ರೆಯರ ನಡುವಿನ ಆ ಎರೆಭೂಮಿಯಲ್ಲಿ ಮಳೆ ಬಿದ್ದರೆ ಹೊಲದ ದಾರಿಯಲ್ಲಿ ಬಂಡಿಯೂ ಹೂತುಕೊಳ್ಳುತ್ತದೆ. ಅಲ್ಲಿ ರೋಗಿಯನ್ನು ಸಾಗಿಸುವ ಜೀಪು ವರವೇ ಸರಿ. ಆದರೆ ಆ ಜನರ ಪಾಲಿಗೆ ಬಂದದ್ದೇನು? ಗುಳೆ ಹೋಗುವಾಗ ಕ್ರೂಸರ್‌ನಲ್ಲಿ ಒತ್ತೊತ್ತಾಗಿ ಕೂರುವ ಪಾಡು. 2022ರ ಆಗಸ್ಟ್ 25ರಂದು ರಾಯಚೂರು ಜಿಲ್ಲೆಯ ಕೂಲಿಕಾರರು ತುಂಬಿದ್ದ ಕ್ರೂಸರ್ ಸಿರಾ ತಾಲ್ಲೂಕಿನಲ್ಲಿ ಅಪಘಾತಕ್ಕೀಡಾಗಿ 9 ಮಂದಿ ಸತ್ತರು. ಅದರಲ್ಲಿದ್ದವರು 20ಕ್ಕೂ ಹೆಚ್ಚು ಜನ.

ಮಣ್ಣಿನ ಮಾತಿಗೆ ಬರೋಣ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಗಾಲಿಯ ಗಾಯವನ್ನು ಬಹುಮಟ್ಟಿಗೆ ತಾನೇ ಮಾಯಿಸಿಕೊಳ್ಳುತ್ತದೆ. ನಮ್ಮ ಗುಡ್ಡದ ತೆಳುವಾದ ಮೇಲ್ಮಣ್ಣಿಗೆ ಆ ಗುಣವಿಲ್ಲ. ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು. ಬೇರು ಹರಿದು ಮಣ್ಣು ಗಟ್ಟಿಯಾದರೆ ನೀರು ಇಂಗುವುದಿಲ್ಲ, ಗಾಲಿಯ ಜಾಡಿನಲ್ಲೇ ಹರಿದು ಕೊರಕಲು ಮಾಡುತ್ತದೆ. ಮಳೆಗಾಲದಲ್ಲಿ ಗದ್ದೆಗೆ ಹೂಳು, ಬೇಸಿಗೆಯಲ್ಲಿ ಒರತೆಗೆ ಬರ. ನಷ್ಟ ಇಲ್ಲಿಗೇ ನಿಲ್ಲದು. ಮಾನ್ವಿಯ ಗದ್ದೆಗೆ ನೀರುಣಿಸುವ ತುಂಗಭದ್ರಾ ಜಲಾಶಯ 1953ರಲ್ಲಿ ತುಂಬತೊಡಗಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಕಾರಣಗಳು ಹಲವು, ಆದರೆ ನದಿಯ ತಲೆಯಲ್ಲಿ ಕೂತ ನಾವು ಮಣ್ಣು ಸಡಿಲಿಸುವವರ ಸಾಲಿಗೆ ಸೇರಬಾರದು. ಕಾಲುವೆಯ ಕೊನೆಯ ರೈತನಿಗೆ ನೀರು ತಪ್ಪಿದರೆ ಅವನು ಹತ್ತುವುದು ಅದೇ ಕ್ರೂಸರ್.

ರೋಗಿ, ಹಾಲು, ಗೊಬ್ಬರ ಸಾಗಿಸುವ ಜೀಪಿಗೆ ನಮ್ಮ ವಿರೋಧವಿಲ್ಲ. ಇರುವ ದಾರಿಯಲ್ಲೇ ಬಾಡಿಗೆ ಓಡಿಸಿ ಬದುಕುವ ನಮ್ಮೂರ ಚಾಲಕರ ಮೇಲೂ ಇಲ್ಲ. ಹುಲ್ಲುಗಾವಲಿನಲ್ಲಿ ಮೋಜಿಗಾಗಿ ಹೊಸ ಜಾಡು ಬೀಳಬಾರದು, ಅಷ್ಟೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಸಮಿತಿ ಇರಬೇಕು. ಅದನ್ನು ಎಬ್ಬಿಸಿ, ಮುಂದಿನ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ. ವಿದ್ಯಾರ್ಥಿ ಮಿತ್ರರೇ, ಬಿದ್ದ ಜಾಡುಗಳನ್ನು ಅಳೆದು ನಕ್ಷೆಗೆ ಇಳಿಸಿ. ಅಳತೆ ಕೈಯಲ್ಲಿದ್ದರೆ ಅಧಿಕಾರಿ ಉತ್ತರ ಕೊಡಲೇಬೇಕಾಗುತ್ತದೆ.