ಮೆಂಬರ್ ಮಾಡಿ ಬಿಡದ ಕ್ಲಬ್ಬು, ಬಿಡಿಸುತ್ತೇನೆಂದು ಬರುವ ದಲ್ಲಾಳಿ

ಬೇಡವಾದ ಹಾಲಿಡೇ ಮೆಂಬರ್‌ಶಿಪ್ ಬಿಡಿಸಿಕೊಳ್ಳಲು ಮತ್ತೊಬ್ಬರಿಗೆ ದುಡ್ಡು ಕಟ್ಟಬೇಡಿ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಈ ಒಂದು ಸಾಲು ಓದಿ ಫೋನ್ ಕಿಸೆಯಲ್ಲಿಟ್ಟರೂ ನಮಗೆ ಸಮಾಧಾನವೇ. ಯಾಕೆ ಬೇಡ, ಹಾಗಾದರೆ ಏನು ಮಾಡಬೇಕು ಎಂದು ಕೇಳುವವರಿಗೆ ಮುಂದಿನದು.

ಕಣಗಿನಹಾಳದಂಥ ಊರಲ್ಲಿ ರೆಸಾರ್ಟ್ ಮೆಂಬರ್‌ಶಿಪ್ ಯಾರ ಹತ್ತಿರ ಇದ್ದೀತು ಎಂದು ನಗುವವರಿದ್ದಾರೆ. ನಗಬೇಡಿ. ಸಂಬಳ ಬರುವ ಮನೆ ಯಾವ ಊರಲ್ಲಿಲ್ಲ? ಮಾಸ್ತರರು, ನರ್ಸ್, ಬಸ್ ಕಂಡಕ್ಟರ್, ರಜೆಗೆ ಬಂದ ಫೌಜಿ, ಬೆಂಗಳೂರಲ್ಲಿ ಕಂಪನಿ ಸೇರಿದ ಮಗ. ಹುಬ್ಬಳ್ಳಿಯ ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಲಕ್ಕಿ ಡ್ರಾ ಎಂದು ಚೀಟಿ ತುಂಬಿಸಿಕೊಳ್ಳುತ್ತಾರೆ. ವಾರದೊಳಗೆ ಫೋನ್ ಬರುತ್ತದೆ. ಬಹುಮಾನ ಬಂದಿದೆ, ಆದರೆ ಗಂಡ ಹೆಂಡತಿ ಇಬ್ಬರೂ ಹೋಟೆಲಿಗೆ ಬರಲೇಬೇಕು. ಇಬ್ಬರನ್ನೂ ಯಾಕೆ ಕರೆಯುತ್ತಾರೆ ಗೊತ್ತೇ? ಒಬ್ಬರೇ ಹೋದರೆ "ಮನ್ಯಾಗ ಕೇಳಿ ಹೇಳ್ತೀನ್ರಿ" ಎಂದು ಎದ್ದು ಬರಬಹುದು. ಇಬ್ಬರೂ ಕೂತರೆ ಆ ಬಾಗಿಲು ಮುಚ್ಚಿತು. ಚಹಾ, ಬಿಸ್ಕೀಟು, ದೊಡ್ಡ ಟಿವಿಯಲ್ಲಿ ಗೋವಾ, ಊಟಿ, ಮಡಿಕೇರಿ. ಮೂರು ತಾಸು ಎಬ್ಬಿಸುವುದಿಲ್ಲ. ಈ ರೇಟು ಇವತ್ತು ಸಂಜೆವರೆಗೆ ಮಾತ್ರ ಎನ್ನುತ್ತಾರೆ. ಕಾರ್ಡ್ ಉಜ್ಜಿದ ಮೇಲೆ ಇಂಗ್ಲಿಷಿನ ಸಣ್ಣಕ್ಷರದ ಕರಾರಿಗೆ ಸಹಿ.

ಕೊಂಡದ್ದೇನು? ವರ್ಷಕ್ಕೆ ಆರೇಳು ದಿನ ರೆಸಾರ್ಟಿನ ಕೋಣೆಯಲ್ಲಿ ಇರುವ ಹಕ್ಕು, ಹತ್ತು ವರ್ಷವೋ ಇಪ್ಪತ್ತೈದು ವರ್ಷವೋ. ಇದಕ್ಕೆ ಟೈಮ್‌ಶೇರ್ ಎಂಬ ಹೆಸರೂ ಇದೆ. ಶೇರ್ ಅಂದಾಕ್ಷಣ ಪಾಲು ಅಂದುಕೊಳ್ಳಬೇಡಿ. ನಮ್ಮಲ್ಲಿ ಮಾರುವ ಬಹುತೇಕ ಕರಾರುಗಳಲ್ಲಿ ಇರುವುದು ತಂಗುವ ಹಕ್ಕು ಮಾತ್ರ. ಆ ಜಾಗದ ಉತಾರದಲ್ಲಿ ನಿಮ್ಮ ಹೆಸರಿಲ್ಲ, ಅದನ್ನು ಅಡವಿಟ್ಟು ಸಾಲ ಎತ್ತಲು ಬರುವುದಿಲ್ಲ. ಆದರೆ ವರ್ಷಾವರ್ಷ ನಿರ್ವಹಣೆ ಶುಲ್ಕ ಕಟ್ಟಬೇಕು. ನೀವು ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು.

ನಮಗೆ ಸಿಟ್ಟು ಬರುವುದು "ಮೆಂಬರ್" ಎಂಬ ಪದ ಕೇಳಿದಾಗ. 1905ರಲ್ಲಿ ಇದೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಹಿಂದಿನ ವರ್ಷವಷ್ಟೇ ಸಹಕಾರ ಕಾಯ್ದೆ ಬಂದಿತ್ತು. ಏಷ್ಯಾದಲ್ಲೇ ಮೊದಲನೆಯದು ಎಂದು ನಾವು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಸಹಕಾರ ಸಂಘದಲ್ಲಿ ಸದಸ್ಯ ಅಂದರೆ ಷೇರು ಎಷ್ಟೇ ಇರಲಿ ಒಂದೇ ಮತ. ವರ್ಷಕ್ಕೊಮ್ಮೆ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಬೇಡವಾದರೆ, ಸಾಲ ಬಾಕಿ ಇಲ್ಲದಿದ್ದರೆ, ಬೈಲಾದ ಪ್ರಕಾರ ರಾಜೀನಾಮೆ ಕೊಟ್ಟು ಷೇರು ಹಣ ವಾಪಸ್ ಕೇಳಬಹುದು. (ಸೊಸೈಟಿಗಳಲ್ಲಿ ಕಳ್ಳರಿಲ್ಲವೇ ಎನ್ನುತ್ತೀರಿ. ಇದ್ದಾರೆ, ಅವರ ಬಗ್ಗೆಯೂ ಬರೆದೇ ಬರೆಯುತ್ತೇವೆ. ಆದರೆ ಹೊರಗೆ ಬರುವ ಬಾಗಿಲಾದರೂ ಅಲ್ಲಿದೆ.) ಈ ಕ್ಲಬ್ಬಿನ ಮೆಂಬರಿಗೆ ಮತವಿಲ್ಲ, ಸಭೆಯಿಲ್ಲ, ಶುಲ್ಕ ಏರಿಸುವಾಗ ಕೇಳುವವರೂ ಇಲ್ಲ. ಇವರು ಮೆಂಬರ್ ಅಲ್ಲ, ಗಿರಾಕಿ. ಗಿರಾಕಿ ಎಂದು ಒಪ್ಪಿಕೊಂಡರೆ ಒಂದು ಲಾಭವೂ ಇದೆ, ಅದಕ್ಕೆ ಆಮೇಲೆ ಬರುತ್ತೇವೆ.

ನಮ್ಮ ಬಳಗಕ್ಕೆ ಪರಿಚಯವಿರುವ ಮಾಸ್ತರರೊಬ್ಬರು ಹೀಗೆ ಸಿಕ್ಕಿಬಿದ್ದರು. ಅವರಿಗೆ ರಜೆ ಸಿಗುವುದು ದಸರೆಗೆ, ಇಲ್ಲವೇ ಏಪ್ರಿಲ್ ಮೇ ತಿಂಗಳಲ್ಲಿ. ಅವರಿಗೆ ಕೊಟ್ಟ ಅಗ್ಗದ ಮೆಂಬರ್‌ಶಿಪ್ಪಿನಲ್ಲಿ ಆ ದಿನಗಳೇ ಸೇರಿರಲಿಲ್ಲ. ಮಳೆಗಾಲದಲ್ಲಿ ಬನ್ನಿ ಎಂದರಂತೆ. ಶಾಲೆ ಬಿಟ್ಟು, ಹೆಸರು ಬಿಡಿಸುವ ಹೊತ್ತಿನಲ್ಲಿ ಹೊಲ ಬಿಟ್ಟು ಗುಡ್ಡದ ಮಳೆ ನೋಡಲು ಯಾರು ಹೋಗುತ್ತಾರೆ? ನಾಲ್ಕು ವರ್ಷದಲ್ಲಿ ಹೋಗಿದ್ದು ಒಂದೇ ಸಲ. ಮನೆಯವರಿಗೆ ಪೂರ್ತಿ ಲೆಕ್ಕ ಹೇಳಿರಲಿಲ್ಲ. ಒಂದು ದಿನ ಮೆಲ್ಲಗೆ ಕೇಳಿದರು: "ತಮ್ಮಾ, ನೀವು ಪೇಪರಿನವರು. ಇದನ್ನ ಹೆಂಗ ಬಿಡಿಸ್ಕೊಳ್ಳೋದು? ಊರಾಗ ಯಾರಿಗೂ ಹೇಳಬ್ಯಾಡ್ರಿ."

ಈ ವ್ಯಾಪಾರ ನಡೆಯುತ್ತಿರುವುದೇ "ಯಾರಿಗೂ ಹೇಳಬ್ಯಾಡ್ರಿ" ಎಂಬ ಮಾತಿನ ಮೇಲೆ. ಓದಿದವರು ಮೋಸ ಹೋದರೆ ಊರು ಆಡಿಕೊಳ್ಳುತ್ತದೆ ಎಂಬ ಅಂಜಿಕೆ. "ಸಹಿ ಮಾಡಿದ್ದು ನೀವೇ ಅಲ್ಲೇನ್ರಿ?" ಎನ್ನುವ ಹಿರಿಯರಿಗೂ ಒಂದು ಮಾತು. 1872ರ ಕರಾರು ಕಾಯ್ದೆಯಲ್ಲೇ ಸುಳ್ಳು ಹೇಳಿ ಪಡೆದ ಒಪ್ಪಿಗೆಯ ಕರಾರನ್ನು ಮೋಸ ಹೋದವರು ರದ್ದು ಮಾಡಬಹುದು ಎಂದಿದೆ. ಬ್ರಿಟಿಷರಿಗೂ ತಿಳಿದಿದ್ದ ವಿಷಯ ನಮ್ಮ ಕಟ್ಟೆಯ ಪಂಚರಿಗೆ ತಿಳಿಯದೇ?

ಈಗ ದಾರಿಗಳನ್ನು ತೂಗೋಣ.

ಮಾರಿಬಿಡೋಣ ಎನ್ನುತ್ತಾರೆ ಕೆಲವರು. ಕೊಳ್ಳುವವರು ಸಿಕ್ಕರೆ ಒಳ್ಳೆಯದೇ. ಆದರೆ ಹಳೇ ಸಾಮಾನು ಮಾರುವ ಆ್ಯಪುಗಳಲ್ಲಿ ಇಂಥ ಮೆಂಬರ್‌ಶಿಪ್ಪುಗಳು ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಿದ್ದಿರುತ್ತವೆ. ಕಂಪನಿ ಒಪ್ಪದೆ ಹೆಸರು ಬದಲಾಗದು, ಅದಕ್ಕೂ ವರ್ಗಾವಣೆ ಶುಲ್ಕ ಕೇಳುವುದುಂಟು. ಮಗನ ಹೆಸರಿಗೆ ಮಾಡಿಸುತ್ತೇನೆ ಎನ್ನುವವರಿಗೆ ಹೇಳುವುದಿಷ್ಟೇ: ಹೊರೆ ಹೆಗಲು ಬದಲಿಸಿತು, ಇಳಿಯಲಿಲ್ಲ.

ಎರಡನೆಯದು ದಲ್ಲಾಳಿಯ ದಾರಿ. ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಶುಲ್ಕ ಕಟ್ಟಲಾರದೆ ನೀವು ಒದ್ದಾಡುತ್ತಿರುವಾಗ ಒಂದು ಫೋನ್ ಬರುತ್ತದೆ. ನಿಮ್ಮ ಮೆಂಬರ್‌ಶಿಪ್ ನಂಬರ್, ಕಟ್ಟಿದ ಹಣ, ಎಲ್ಲ ಅವರಿಗೆ ಗೊತ್ತು. ದೊಡ್ಡ ಕಂಪನಿಯೊಂದು ತನ್ನ ನೌಕರರಿಗಾಗಿ ನಿಮ್ಮದನ್ನು ಕೊಳ್ಳುತ್ತಿದೆ, ಐದು ಲಕ್ಷಕ್ಕೆ ಕುದುರಿದೆ ಎನ್ನುತ್ತಾರೆ. ಎನ್‌ಒಸಿ ಖರ್ಚು ಹದಿನೈದು ಸಾವಿರ ಮೊದಲು ಕಳಿಸಿ. ಕಳಿಸಿದ ಮೇಲೆ ಜಿಎಸ್‌ಟಿ. ಆಮೇಲೆ ಟಿಡಿಎಸ್. ಆಮೇಲೆ ಫೋನ್ ಸ್ವಿಚ್ ಆಫ್. ಎತ್ತು ಮಾರುವವನು ಕೊಳ್ಳುವವನಿಗೆ ಮುಂಗಡ ಕೊಟ್ಟದ್ದನ್ನು ಯಾವ ಸಂತೆಯಲ್ಲಿ ನೋಡಿದ್ದೀರಿ? ಇದೊಂದು ಪ್ರಶ್ನೆ ಕೇಳಿಕೊಂಡರೆ ಸಾಕು.

ಇದು ನಮ್ಮಲ್ಲಿ ಮಾತ್ರ ಇರುವ ಕಳ್ಳತನವಲ್ಲ. ಮೆಕ್ಸಿಕೋದ ಜಲಿಸ್ಕೋ ಎಂಬ ಮಾದಕವಸ್ತು ಗ್ಯಾಂಗ್ ಇದೇ ಉಪಾಯದಿಂದ ಅಮೆರಿಕದ ವಯಸ್ಸಾದ ಟೈಮ್‌ಶೇರ್ ಮಾಲೀಕರನ್ನು ದೋಚುತ್ತಿತ್ತು. 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ಆ ದಂಧೆಗೆ ಸೇರಿದ ವ್ಯಕ್ತಿಗಳ, ಕಂಪನಿಗಳ ಮೇಲೆ ನಿರ್ಬಂಧ ಹಾಕಿತು. ಗಾಂಜಾ, ಬಂದೂಕು ಬಿಟ್ಟು ಗ್ಯಾಂಗಿನವರು ಈ ಧಂದೆಗೆ ಕೈ ಹಾಕಿದ್ದಾರೆಂದರೆ ಇದರಲ್ಲಿ ಎಷ್ಟು ಹಾಲು ಕರೆಯಬಹುದು ನೋಡಿ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಮೂರನೆಯದು, ಕಟ್ಟೆಯ ಮೇಲೆ ಪುಕ್ಕಟೆ ಸಿಗುವ ಸಲಹೆ: ಕಟ್ಟೋದು ನಿಲ್ಲಿಸಿ, ಏನ್ ಮಾಡ್ತಾರ? ಇಲ್ಲಿ ಎರಡು ಬಾಕಿಗಳನ್ನು ಬೇರೆ ಮಾಡಿ ನೋಡಬೇಕು. ವರ್ಷದ ಶುಲ್ಕ ನಿಲ್ಲಿಸಿದರೆ ಮೊದಲಿಗೆ ಕೋಣೆ ಕೊಡುವುದು ನಿಲ್ಲುತ್ತದೆ, ಬಡ್ಡಿ ಬೆಳೆಯುತ್ತದೆ, ಮುಂದಿನದು ಕರಾರಿನಲ್ಲಿ ಬರೆದ ಹಾಗೆ. ಆದರೆ ಮೆಂಬರ್‌ಶಿಪ್ಪಿನ ಬೆಲೆಯನ್ನೇ ಕಂತಿನ ಸಾಲದಲ್ಲಿ ಕೊಂಡಿದ್ದರೆ ಆ ಸಾಲ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಆಗಿರುತ್ತದೆ. ಅದು ನಿಂತರೆ ನಿಮ್ಮ ಸಿಬಿಲ್ ಕೆಡುತ್ತದೆ, ನಾಳೆ ಟ್ರ್ಯಾಕ್ಟರ್ ಸಾಲಕ್ಕೆ ಹೋದಾಗ ಮ್ಯಾನೇಜರ್ ಕಂಪ್ಯೂಟರ್ ನೋಡಿ ತಲೆ ಅಲ್ಲಾಡಿಸುತ್ತಾರೆ. ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದರೆ ಇನ್ನೂ ಕಷ್ಟ. ಚೆಕ್ ಬೌನ್ಸ್ ಆದರೆ 138ನೇ ಕಲಮಿನ ಕ್ರಿಮಿನಲ್ ಕೇಸ್ ಬೀಳಬಹುದು. ಬ್ಯಾಂಕಿನಿಂದ ತಾನಾಗಿ ಕಡಿತವಾಗುವ ಕಂತು ಹಣವಿಲ್ಲದೆ ವಾಪಸಾದರೂ ಅಂಥದೇ ಕಲಮು ಬೇರೆ ಕಾಯ್ದೆಯಲ್ಲಿದೆ. ಅಂಥ ನೋಟಿಸ್ ಬಂದರೆ ಹಣ ಕಟ್ಟಲು 15 ದಿನ ಮಾತ್ರ. ಅದನ್ನು ಮಾಡದ ಮೇಲೆ ಎಸೆಯದೆ ಅದೇ ದಿನ ವಕೀಲರಿಗೆ ತೋರಿಸಿ. ಸುಮ್ಮನೆ ನಿಲ್ಲಿಸುವುದು ಧೈರ್ಯವಲ್ಲ. ಬರೆದು ತಿಳಿಸಿ ನಿಲ್ಲಿಸುವುದು ಬೇರೆ.

ಹಾಗಾಗಿ ನಾವು ಹೇಳುವ ದಾರಿ ಕಾಗದದಿಂದ ಶುರುವಾಗುತ್ತದೆ. ಕರಾರು ತೆಗೆದು ಇಂಗ್ಲಿಷ್ ಬಲ್ಲವರಿಂದ ಓದಿಸಿ. ಇಷ್ಟು ದಿನದೊಳಗೆ ರದ್ದು ಮಾಡಿದರೆ ಹಣ ವಾಪಸ್ ಎಂದು ಕೆಲವು ಕಂಪನಿಗಳು ತಾವೇ ಬರೆದಿರುತ್ತವೆ. ಆ ದಿನಗಳು ಉಳಿದಿದ್ದರೆ ಇವತ್ತೇ ಇಮೇಲ್ ಕಳಿಸಿ, ಸ್ಪೀಡ್ ಪೋಸ್ಟನ್ನೂ ಹಾಕಿ. ದಿನ ಮೀರಿದ್ದರೂ ಬರೆಯಿರಿ: ಮಾರುವಾಗ ಹೀಗೆ ಹೇಳಿದಿರಿ, ಕೊಟ್ಟಿದ್ದು ಇದು, ಇಂಥ ತಾರೀಖುಗಳಲ್ಲಿ ಕೋಣೆ ಕೇಳಿದೆ, ಸಿಗಲಿಲ್ಲ, ಮೆಂಬರ್‌ಶಿಪ್ ರದ್ದು ಮಾಡಿ, ಬಳಸದ ವರ್ಷಗಳ ಹಣ ಹಿಂದಿರುಗಿಸಿ. ಫೋನಿನಲ್ಲಿ ಅವರು ಏನೇ ಸಿಹಿ ಮಾತು ಹೇಳಲಿ, "ಅದನ್ನೇ ಮೇಲ್ ಮಾಡ್ರಿ" ಎನ್ನಿ. ನಮ್ಮ ಮಾಸ್ತರರಿಗೆ ಫೋನಿನಲ್ಲಿ ಹೇಳಿದ್ದು ಇನ್ನೊಂದು ಲಕ್ಷ ಹಾಕಿ ದೊಡ್ಡ ಪ್ಲಾನಿಗೆ ಏರಿರಿ, ಆಗ ಮೇ ತಿಂಗಳಲ್ಲೂ ಕೋಣೆ ಸಿಗುತ್ತದೆ ಎಂದು. ಅದನ್ನು ಮೇಲ್ ಮಾಡಿ ಅಂದ ಮೇಲೆ ಆ ಫೋನು ನಿಂತಿತು.

ಉತ್ತರ ಬರದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಗದಗಿನ ಜಿಲ್ಲಾ ಗ್ರಾಹಕರ ಆಯೋಗ. ಗಿರಾಕಿ ಎಂದು ಒಪ್ಪಿಕೊಂಡರೆ ಲಾಭ ಎಂದಿದ್ದು ಇದಕ್ಕೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕರಾರಿನಲ್ಲಿ "ಮುಂಬೈ ಕೋರ್ಟು ಮಾತ್ರ" ಎಂದು ಬರೆದಿದೆ ಎಂದು ಅಂಜಿಸಿದರೆ ಅಂಜಬೇಡಿ. ಪಂಚಾಯ್ತಿಗೆ, ಅಂದರೆ ಆರ್ಬಿಟ್ರೇಶನ್‌ಗೆ ಹೋಗಬೇಕು ಎಂಬ ಷರತ್ತು ಗ್ರಾಹಕರ ದೂರಿಗೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟಪಡಿಸಿದೆ. ನೀವು ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿನ ಶುಲ್ಕ ಸೊನ್ನೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಇ-ಜಾಗೃತಿ ತಾಣದಲ್ಲಿ ಫೋನಿನಿಂದಲೇ ದೂರು ಹಾಕಬಹುದು.

ಒಂದು ಸೂಕ್ಷ್ಮ, ಅನೇಕರು ಎಡವುವುದು ಇಲ್ಲೇ. ಈ ಕರಾರೇ ಅನ್ಯಾಯದ್ದು, ಅದನ್ನು ಹೊಡೆದುಹಾಕಿ ಎಂಬ ದೂರು ಜಿಲ್ಲೆಯಲ್ಲಿ ನಡೆಯದು, ಅದು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು. ಗದಗಿನಲ್ಲಿ ಕೊಡುವ ದೂರಿನಲ್ಲಿ ಸುಳ್ಳು ಹೇಳಿ ಮಾರಿದ್ದು ಅನುಚಿತ ವ್ಯಾಪಾರ, ಕೋಣೆ ಕೊಡದೇ ಇದ್ದದ್ದು ಸೇವೆಯ ಕೊರತೆ ಎಂದು ಬರೆಯಿರಿ.

ಕಾಯ್ದೆ ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎನ್ನುತ್ತದೆ. ಮುಗಿಯುವುದಿಲ್ಲ. ತಾರೀಖುಗಳು ಬೀಳುತ್ತವೆ. ಪೂರ್ತಿ ಹಣ ಬಂದೇ ಬರುತ್ತದೆ ಎಂದು ನಾವು ಆಸೆ ಹಚ್ಚುವುದಿಲ್ಲ. ಆದರೆ ದೂರಿನ ನೋಟಿಸ್ ಮುಟ್ಟಿದ ಮೇಲೆ ಕಂಪನಿ ನಿಮ್ಮೊಂದಿಗೆ ಮಾತಾಡುವ ರೀತಿಯೇ ಬೇರೆ. ಆಗ ರಾಜಿಗೆ ಕೂತು, ಹೆಚ್ಚು ಹಣ ಕೇಳಿ ಎಳೆದಾಡುವುದಕ್ಕಿಂತ, ಮುಂದಿನ ವರ್ಷಗಳ ಶುಲ್ಕ ಪೂರ್ತಿ ರದ್ದು ಎಂದು ಬರೆಸಿಕೊಳ್ಳುವುದೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಹೋದ ಹಣಕ್ಕಿಂತ ಹೋಗಲಿರುವ ಹಣ ದೊಡ್ಡದು.

ನಿಮ್ಮ ಕೈಯಲ್ಲಿರುವ ಕಾಗದದಲ್ಲಿ "ಇಷ್ಟು ವರ್ಷದ ನಂತರ ಇಷ್ಟು ಹಣ ವಾಪಸ್" ಎಂದಿದ್ದರೆ ಕಥೆಯೇ ಬೇರೆ. ಅದು ರಜೆಯ ವೇಷ ಹಾಕಿದ ಠೇವಣಿ. ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿ (ಆದಾಯ ತೆರಿಗೆಯ ಪ್ಯಾನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ) ಹೋಟೆಲಿನ ರಾತ್ರಿಗಳನ್ನು ಮಾರುವ ಹೆಸರಲ್ಲಿ 50 ಲಕ್ಷಕ್ಕೂ ಹೆಚ್ಚು ಜನರಿಂದ 7,035 ಕೋಟಿ ರೂಪಾಯಿ ಎತ್ತಿತ್ತು. ಇದು ನೋಂದಣಿಯಿಲ್ಲದ ಹೂಡಿಕೆ ಯೋಜನೆ ಎಂದು ಹೇಳಿ 2016ರಲ್ಲಿ ಸೆಬಿ ಹಣ ಹಿಂದಿರುಗಿಸಲು ಆದೇಶಿಸಿತು. ನಿಮ್ಮದು ಈ ಜಾತಿಯದಾದರೆ ಪೊಲೀಸ್ ಠಾಣೆಗೂ ಸೆಬಿಗೂ ದೂರು ಕೊಡಿ. ಠೇವಣಿದಾರರ ಹಿತಕ್ಕಾಗಿ ರಾಜ್ಯದ 2004ರ ಕಾಯ್ದೆಯೂ ಇದೆ.

ನಮ್ಮ ಕೊನೆಯ ತಕರಾರು ಆಳುವವರ ಮೇಲೆ. ಯುರೋಪಿನ ಒಕ್ಕೂಟ 2009ರಲ್ಲೇ ನಿಯಮ ಮಾಡಿತು: ಟೈಮ್‌ಶೇರ್‌ಗೆ ಸಹಿ ಹಾಕಿದವರು 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಆ 14 ದಿನ ಕಂಪನಿ ಒಂದು ಪೈಸೆಯನ್ನೂ ಮುಟ್ಟುವಂತಿಲ್ಲ. ನಮ್ಮ ದೇಶದಲ್ಲಿ ಜೀವವಿಮೆ ಪಾಲಿಸಿ ಕೈಸೇರಿದ ಮೇಲೂ ಬೇಡವೆನ್ನಲು ದಿನಗಳಿವೆ, ಹಾಲಿಡೇ ಮೆಂಬರ್‌ಶಿಪ್ಪಿಗೆ ಮಾತ್ರ ಅಂಥ ಕಾನೂನಿಲ್ಲ. ಕಂಪನಿ ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದಿನ ಚುನಾವಣೆಯಲ್ಲಿ ಸಂಸದರಾಗಲು ಬರುವವರನ್ನು ಇದನ್ನೂ ಕೇಳಿ.

ಮಾಸ್ತರರ ದೂರು ಈಗ ತಯಾರಾಗುತ್ತಿದೆ. ಮನೆಯವರಿಗೂ ಹೇಳಿದ್ದಾರೆ. ನಿಮ್ಮಲ್ಲಿ ಯಾರಾದರೂ ಹೊರಡುವುದಿದ್ದರೆ ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಮಾತ್ರ ಅವಕಾಶ ಎಂಬುದನ್ನು ಮರೆಯಬೇಡಿ. ಕೋಣೆ ಇಲ್ಲವೆಂದ ಮೆಸೇಜುಗಳನ್ನು ಅಳಿಸಬೇಡಿ. ಕರಾರು, ರಸೀದಿಗಳು, ಬ್ಯಾಂಕ್ ಪಾಸ್‌ಬುಕ್ಕಿನ ಹಾಳೆ, ಆಧಾರ್, ಎಲ್ಲದರ ಮೂರು ಮೂರು ಪ್ರತಿ ಝೆರಾಕ್ಸ್ ಮಾಡಿಸಿಟ್ಟುಕೊಳ್ಳಿ.